ಪದ-ಪ್ರಶ್ನೆ: ‘ಪರ್ಟಿನೆಂಟ್’ ಅಂದ್ರೆ ಬರೀ ‘ಸಂಬಂಧಪಟ್ಟ’ ಅಂತಷ್ಟೇನಾ?

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಬಹಳಷ್ಟು ಒಂದೇ ಪದದ ಸುತ್ತಮುತ್ತ ಇವೆ, ಹಾಗಾಗಿ ಉಳಿದ ಪದಗಳನ್ನ ಮುಂದಿನ ಸಂಚಿಕೆಗೆ ಇಟ್ಕೊಂಡು ಈ ಸಲ ಪೂರ್ತಿ ಜಾಗ ‘ಪರ್ಟಿನೆಂಟ್’ಗೇ ಕೊಟ್ಟಿದೀನಿ. ಒಂದೇ ಥರದ ಪ್ರಶ್ನೆಗಳನ್ನ ಸೇರಿಸಿ ಒಂದು ಮಾಡಿದೀನಿ.

ಪ್ರಶ್ನೆ: ಡಿಕ್ಷನರಿಲಿ ಪರ್ಟಿನೆಂಟ್ ಅಂತ ಹುಡುಕಿದ್ರೆ ‘ರೆಲೆವೆಂಟ್’ ಅಂತ ಬರತ್ತೆ, ರೆಲೆವೆಂಟ್ ಅಂತ ಹುಡುಕಿದ್ರೆ ವಾಪಸ್ ‘ಪರ್ಟಿನೆಂಟ್’ ಅಂತ ಬರತ್ತೆ. ಎರಡೂ ಒಂದೇನಾ? ಒಂದೇ ಆದ್ರೆ ಎರಡು ಪದ ಯಾಕೆ?

ಉತ್ತರ: ತುಂಬಾ ಹತ್ತಿರ, ಆದ್ರೆ ಒಂದೇ ಅಲ್ಲ. ಚಿಕ್ಕ ಡಿಕ್ಷನರಿಗಳ ತೊಂದರೆ ಇದೇ, ಒಂದು ಪದಕ್ಕೆ ಇನ್ನೊಂದು ಪದ ಕೊಟ್ಟು ಕೈ ತೊಳ್ಕೊಳ್ತಾವೆ, ಓದೋರು ಆ ಎರಡರ ಮಧ್ಯೆ ಓಡಾಡ್ತಾ ಇರ್ಬೇಕಷ್ಟೆ.

ಮೊದಲು ಹುಟ್ಟು ನೋಡಿ. ಪರ್ಟಿನೆಂಟ್ ಬಂದಿರೋದು ಲ್ಯಾಟಿನ್ನಿನ ‘ಪೆರ್ಟಿನೇರೆ’ ಅನ್ನೋ ಕ್ರಿಯಾಪದದಿಂದ. ‘ಟೆನೇರೆ’ ಅಂದ್ರೆ ಹಿಡಿಯೋದು, ಅದಕ್ಕೆ ‘ಪೆರ್’ ಸೇರಿ ‘ಪೂರ್ತಿ ಅಲ್ಲಿವರೆಗೂ ಚಾಚಿಕೊಂಡಿರೋದು, ಅದಕ್ಕೇ ಸೇರಿರೋದು’ ಅನ್ನೋ ಅರ್ಥ ಬಂತು. ಕಂಟೇನ್, ರಿಟೇನ್, ಮನೆ ಹಿಡ್ಕೊಂಡಿರೋ ಟೆನೆಂಟ್ ಎಲ್ಲಾ ಇದೇ ಬಳಗ. 14ನೇ ಶತಮಾನದ ಕೊನೆ ಹೊತ್ತಿಗೆ ಫ್ರೆಂಚ್ ಮೂಲಕ ಇಂಗ್ಲಿಷಿಗೆ ಬಂದು ಸೇರ್ಕೊಂಡಿದೆ. ರೆಲೆವೆಂಟ್ ಕಥೆ ಬೇರೆ. ಅದರ ಮೂಲ ‘ರೆಲೆವಾರೆ’, ಅಂದ್ರೆ ಮೇಲೆತ್ತೋದು, ಭಾರ ಇಳಿಸೋದು. ರಿಲೀಫ್, ರಿಲೀವ್ ಇದರ ದಾಯಾದಿಗಳು. ಈ ರೆಲೆವೆಂಟ್ 16ನೇ ಶತಮಾನದಲ್ಲಿ ಸ್ಕಾಟ್‌ಲೆಂಡಿನ ಕೋರ್ಟುಗಳ ಭಾಷೇಲಿ ಬಳಕೆ ಆಯ್ತು, ಕೇಸಿಗೆ ಆಸರೆ ಆಗೋ ವಾದ, ಅದನ್ನ ಎತ್ತಿ ನಿಲ್ಲಿಸೋ ಸಂಗತಿ ಅನ್ನೋ ಅರ್ಥದಲ್ಲಿ. ಎಲ್ಲಾ ಕಡೆ, ಎಲ್ಲರ ಬಾಯಲ್ಲೂ ಓಡಾಡೋ ಪದ ಆಗಿದ್ದು ಬಹಳ ಆಮೇಲೆ.

ಹುಟ್ಟು ಗೊತ್ತಾದ್ರೆ ಬಳಕೆ ತಾನಾಗೇ ಗೊತ್ತಾಗಿಬಿಡತ್ತೆ ಅಂತೇನಿಲ್ಲ, ಅದಕ್ಕೆ ಒಂದು ಉದಾಹರಣೆ ಕೊಡ್ತೀನಿ. ಒಂದು ಸೇತುವೆ ಬಿದ್ದಿದೆ ಅಂತ ಇಟ್ಕೊಳ್ಳಿ, ಯಾಕೆ ಬಿತ್ತು ಅಂತ ವಿಚಾರಣೆ ನಡೀತಾ ಇದೆ. ಯಾವ ವರ್ಷ ಕಟ್ಟಿದ್ದು, ದಿನಕ್ಕೆ ಎಷ್ಟು ಲಾರಿ ಓಡಾಡ್ತಿದ್ವು, ಆ ವಾರ ನದೀಲಿ ನೀರು ಎಷ್ಟಿತ್ತು, ಇದೆಲ್ಲಾ ರೆಲೆವೆಂಟ್. ಎಲ್ಲದಕ್ಕೂ ವಿಷಯದ ಜೊತೆ ಸಂಬಂಧ ಇದೆ, ಎಲ್ಲಾನೂ ಫೈಲಿಗೆ ಸೇರ್ಬೇಕು. ಅಷ್ಟರಲ್ಲಿ ಹಿಂದಿನ ಸಾಲಲ್ಲಿ ಕೂತಿರೋ ಒಬ್ಬರು ಎದ್ದು, ‘ಮೂರನೇ ಕಂಬದಲ್ಲಿ ಬಿರುಕಿದೆ ಅಂತ ಹೋದ ವರ್ಷದ ತಪಾಸಣೆ ರಿಪೋರ್ಟಲ್ಲಿ ಬರೆದಿದ್ರಲ್ಲ, ಆ ರಿಪೋರ್ಟ್ ಯಾರ ಟೇಬಲ್ ಮೇಲೆ ನಿಂತೋಯ್ತು?’ ಅಂತ ಕೇಳ್ತಾರೆ. ಅದು ಪರ್ಟಿನೆಂಟ್ ಕ್ವೆಶ್ಚನ್. ವಿಷಯಕ್ಕೆ ಸಂಬಂಧ ಇರೋದಷ್ಟೇ ಅಲ್ಲ, ವಿಷಯ ಎಲ್ಲಿ ಸಿಕ್ಕಾಕ್ಕೊಂಡಿದ್ಯೋ ಆ ಗಂಟಿಗೇ ಕೈ ಹಾಕಿದೆ. ಅಂದ್ರೆ ರೆಲೆವೆಂಟ್ ಅನ್ನೋದು ದೊಡ್ಡ ವೃತ್ತ, ಪರ್ಟಿನೆಂಟ್ ಅನ್ನೋದು ಅದರೊಳಗೆ ಮಧ್ಯಕ್ಕೆ ಹತ್ತಿರ ಇರೋ ಚಿಕ್ಕ ವೃತ್ತ. ಎಲ್ಲಾ ಬರಹಗಾರರೂ ಈ ವ್ಯತ್ಯಾಸ ಇಟ್ಕೊಂಡೇ ಬರೀತಾರೆ ಅಂತಲ್ಲ, ಎಷ್ಟೋ ಕಡೆ ಒಂದರ ಬದಲು ಇನ್ನೊಂದು ಹಾಕಿದ್ರೂ ನಡ್ಯತ್ತೆ, ಆದ್ರೆ ಚೆನ್ನಾಗಿ ಬರೆಯೋರು ಪರ್ಟಿನೆಂಟನ್ನ ಈ ಹತ್ತಿರಕ್ಕೋಸ್ಕರಾನೇ ಆರಿಸ್ಕೊಳ್ತಾರೆ.

ಇನ್ನೊಂದು ಕಡೆ ಬದಲಾಯಿಸೋಕೇ ಆಗಲ್ಲ. ಹಳೇ ಕಾಲದ ಒಬ್ಬ ಚಿಂತಕ ಇವತ್ತಿಗೂ ನಮಗೆ ಬೇಕು ಅಂತ ಹೇಳೋಕೆ ‘ಸ್ಟಿಲ್ ರೆಲೆವೆಂಟ್’ ಅಂತಾರೆ, ಅಲ್ಲಿ ‘ಸ್ಟಿಲ್ ಪರ್ಟಿನೆಂಟ್’ ಅಂತ ಹಾಕಿದ್ರೆ ಆ ಮನುಷ್ಯನ ಬಗ್ಗೆ ಹೇಳ್ದಂಗೆ ಇರಲ್ಲ, ಅವನು ಹೇಳಿದ ಯಾವುದೋ ಒಂದು ಮಾತಿನ ಬಗ್ಗೆ ಹೇಳ್ದಂಗೆ ಆಗತ್ತೆ. ಮನುಷ್ಯರು, ಕಲೆ, ಸಂಸ್ಥೆಗಳು ರೆಲೆವೆಂಟ್ ಆಗಿ ಉಳೀತಾವೆ ಅಥವಾ ಉಳಿಯಲ್ಲ. ಪರ್ಟಿನೆಂಟ್ ಆಗೋದು ಪ್ರಶ್ನೆ, ಮಾಹಿತಿ, ದಾಖಲೆ, ಟೀಕೆ, ವಿವರ ಇಂಥವು.

ಮತ್ತೆ ಒಂದು ಮಾತು, ಇದು ನನಗೆ ಬಹಳ ಮುಖ್ಯ ಅನ್ಸತ್ತೆ. ಈ ಎರಡು ಪದಗಳೂ ಒಂಟಿಯಾಗಿ ನಿಲ್ಲೋವಲ್ಲ. ‘ಪರ್ಟಿನೆಂಟ್’ ಅಂದ ತಕ್ಷಣ ‘ಯಾವುದಕ್ಕೆ?’ ಅಂತ ಕೇಳ್ಬೇಕು, ಅದಕ್ಕೇ ಹಿಂದೆ ‘ಟು’ ಬರೋದು, ಪರ್ಟಿನೆಂಟ್ ಟು, ರೆಲೆವೆಂಟ್ ಟು. ‘ಟು’ ಬಾಯಿಬಿಟ್ಟು ಹೇಳದೇ ಇದ್ರೂ ಅದು ಓದೋರ ತಲೇಲಿ ಇರ್ಬೇಕು. ‘ಪ್ಲೀಸ್ ಅಟ್ಯಾಚ್ ಆಲ್ ಪರ್ಟಿನೆಂಟ್ ಡಾಕ್ಯುಮೆಂಟ್ಸ್’ ಅಂತ ಬರೆದು ಸುಮ್ನಾಗೋ ಫಾರ್ಮುಗಳಿಂದ ಜನಕ್ಕೆ ಆಗೋ ಕಷ್ಟ ನೋಡಿ, ಯಾವುದಕ್ಕೆ ಪರ್ಟಿನೆಂಟ್ ಅಂತ ಗೊತ್ತಾಗದೆ ಮನೇಲಿರೋ ಎಲ್ಲಾ ಕಾಗದಾನೂ ಜೆರಾಕ್ಸ್ ಮಾಡಿಸಿ ಲಗತ್ತಿಸ್ತಾರೆ. ವಿಶೇಷಣ ಬಳಸಿದೋರು ಅದು ಯಾವುದಕ್ಕೆ ಅಂಟತ್ತೆ ಅನ್ನೋದನ್ನೂ ಹೇಳ್ಬೇಕು.

ಪ್ರಶ್ನೆ: ಸಮಾನಾರ್ಥಕ ಪದಗಳ ಪಟ್ಟೀಲಿ ಜರ್ಮೇನ್, ಆಪೊಸಿಟ್, ಆಪ್ರೊಪೋ, ಮೆಟೀರಿಯಲ್, ಆಪ್ಟ್, ಅಪ್ಲಿಕೇಬಲ್ ಅಂತೆಲ್ಲಾ ಕೊಡ್ತಾರೆ. ಯಾವುದನ್ನ ಎಲ್ಲಿ ಹಾಕ್ಬೇಕು ಅಂತ ಯಾರೂ ಹೇಳಲ್ಲ. ನೀವು ಹೇಳ್ತೀರಾ?

ಉತ್ತರ: ಹೇಳ್ತೀನಿ, ಆದ್ರೆ ಪಟ್ಟಿ ಥರ ಬೇಡ, ಪಟ್ಟಿಯಿಂದಾನೇ ಈ ಗೊಂದಲ ಎಲ್ಲಾ ಆಗಿರೋದು.

ಜರ್ಮೇನ್‌ಗೂ ಜರ್ಮನಿ ದೇಶಕ್ಕೂ ಏನೂ ಸಂಬಂಧ ಇಲ್ಲ. ಲ್ಯಾಟಿನ್ನಿನ ‘ಜೆರ್ಮಾನುಸ್’ ಅಂದ್ರೆ ಒಂದೇ ತಂದೆತಾಯಿಗೆ ಹುಟ್ಟಿದೋರು, ಒಡಹುಟ್ಟಿದೋರು. ಸ್ಪ್ಯಾನಿಷಲ್ಲಿ ಅಣ್ಣತಮ್ಮನಿಗೆ ‘ಎರ್ಮಾನೊ’ ಅಂತಾರಲ್ಲ, ಅದೂ ಇದೇ ಪದ. ಅಂದ್ರೆ ಒಂದು ಮಾತು ಇನ್ನೊಂದಕ್ಕೆ ಜರ್ಮೇನ್ ಅಂದ್ರೆ ಎರಡೂ ಒಂದೇ ಬಸಿರಿಂದ ಬಂದಿವೆ ಅನ್ನೋವಷ್ಟು ಹತ್ತಿರ. ಶೇಕ್ಸ್‌ಪಿಯರನ ಹ್ಯಾಮ್ಲೆಟ್ ನಾಟಕದ ಕೊನೇ ಅಂಕದಲ್ಲಿ ಇದರ ಒಂದು ಒಳ್ಳೇ ಬಳಕೆ ಇದೆ. ಓಸ್ರಿಕ್ ಅನ್ನೋ ಆಸ್ಥಾನದ ಮನುಷ್ಯ ಕತ್ತಿ ನೇತುಹಾಕೋ ಪಟ್ಟಿಗೆ ‘ಕ್ಯಾರಿಯೇಜಸ್’ ಅಂತ ಆಡಂಬರದ ಪದ ಬಳಸ್ತಾನೆ, ಫಿರಂಗಿ ಕೂರಿಸೋ ಗಾಡಿಗೂ ಅದೇ ಹೆಸರು. ಆಗ ಹ್ಯಾಮ್ಲೆಟ್, ಸೊಂಟಕ್ಕೆ ಫಿರಂಗಿ ಕಟ್ಕೊಂಡು ಓಡಾಡೋ ಹಾಗಿದ್ರೆ ಆ ಪದ ವಿಷಯಕ್ಕೆ ಇನ್ನೂ ‘ಜರ್ಮನ್’ ಆಗಿರ್ತಿತ್ತು ಅಂತಾನೆ. ಆಗಿನ ಕಾಗುಣಿತ ಹಾಗಿತ್ತು, ಕೊನೇ ಅಕ್ಷರ ಸೇರಿ ಜರ್ಮೇನ್ ಅಂತ ಈ ಅರ್ಥಕ್ಕೆ ಗಟ್ಟಿಯಾಗಿದ್ದು ಆಮೇಲೆ. ಇವತ್ತು ಈ ಪದ ಜಾಸ್ತಿ ಕೇಳೋದು ಸಭೆಗಳ ನಡಾವಳಿ ಮಾತಾಡೋವಾಗ. ಅಮೆರಿಕದ ಸೇನಾಧಿಕಾರಿ ಹೆನ್ರಿ ರಾಬರ್ಟ್ 1876ರಲ್ಲಿ ಸಭೆ ನಡೆಸೋ ನಿಯಮಗಳ ಪುಸ್ತಕ ತಂದ್ರು, ಆ ಸಂಪ್ರದಾಯದ ಪ್ರಕಾರ ಒಂದು ನಿರ್ಣಯಕ್ಕೆ ತರೋ ತಿದ್ದುಪಡಿ ಮೂಲ ನಿರ್ಣಯಕ್ಕೆ ಜರ್ಮೇನ್ ಆಗಿರ್ಬೇಕು, ಗ್ರಂಥಾಲಯಕ್ಕೆ ಕುರ್ಚಿ ತರಿಸೋ ನಿರ್ಣಯದೊಳಗೆ ತಿದ್ದುಪಡಿ ಅಂತ ಹೇಳಿ ಕಾರ್ಯದರ್ಶಿ ಸಂಬಳ ಏರಿಸೋದನ್ನ ತೂರಿಸೋ ಹಾಗಿಲ್ಲ. ಸಾಮಾನ್ಯ ಮಾತಲ್ಲಿ ಜರ್ಮೇನ್ ಸ್ವಲ್ಪ ಭಾರ ಅನ್ಸತ್ತೆ, ಬರವಣಿಗೆಗೆ ಚೆನ್ನ. ಇದೂ ‘ಜರ್ಮೇನ್ ಟು’.

ಆಪೊಸಿಟ್ ಅಂದ್ರೆ ಪಕ್ಕದಲ್ಲೇ ಸರಿಯಾಗಿ ಇಟ್ಟದ್ದು. ಲ್ಯಾಟಿನ್ನಲ್ಲಿ ‘ಹತ್ತಿರ ಇಡು’ ಅನ್ನೋದರಿಂದ ಬಂದಿದೆ. ಇದರಲ್ಲಿ ಸಂಬಂಧಕ್ಕಿಂತ ಒಪ್ಪೋದು ಮುಖ್ಯ. ಭಾಷಣದಲ್ಲಿ ಒಂದು ಗಾದೆ ಸರಿಯಾದ ಜಾಗದಲ್ಲಿ ಬಂದು ಕೂತ್ರೆ ಅದು ಆಪೊಸಿಟ್. ತಪಾಸಣೆ ರಿಪೋರ್ಟ್ ಆಪೊಸಿಟ್ ಆಗಲ್ಲ, ಪರ್ಟಿನೆಂಟ್ ಆಗತ್ತೆ. ಅಷ್ಟು ಗೊತ್ತಿದ್ರೆ ಸಾಕು. ಒಂದೇ ಅಪಾಯ ಅಂದ್ರೆ ಇದು ‘ಆಪೊಸಿಟ್’, ವಿರುದ್ಧ ಅನ್ನೋ ಅರ್ಥದ್ದು ‘ಆಪೋಸಿಟ್’, ಕಿವಿಗೆ ಎರಡೂ ಒಂದೇ ಥರ ಕೇಳತ್ತೆ, ಆದ್ರೆ ಇಂಗ್ಲಿಷ್ ಕಾಗುಣಿತದಲ್ಲಿ ಮೊದಲನೇ ಅಕ್ಷರ ಬೇರೆ. ಹೊಗಳೋಕೆ ಹೋಗಿ ‘ನಿಮ್ಮ ಮಾತು ವಿರುದ್ಧವಾಗಿತ್ತು’ ಅಂತ ಕೇಳಿಸಬಹುದು, ಹಾಗಾಗಿ ಬಾಯಿಮಾತಲ್ಲಿ ಇದನ್ನ ಬಿಟ್ಟು ‘ಆಪ್ಟ್’ ಅನ್ನಿ.

ಆಪ್ರೊಪೋ ಫ್ರೆಂಚಿಂದ ಬಂದಿದ್ದು, ಕೊನೇಲಿ ‘ಸ್’ ಬರೀತಾರೆ, ಓದೋವಾಗ ಹೇಳಲ್ಲ. ಇದಕ್ಕೆ ಎರಡು ಕೆಲಸ. ಒಂದು, ಸಮಯಕ್ಕೆ ಸರಿಯಾದ ಅನ್ನೋ ವಿಶೇಷಣ. ಇನ್ನೊಂದು ‘ಆಪ್ರೊಪೋ ಆಫ್’ ಅಂತ, ಅದು ನಾವು ‘ಮಾತಿಗೆ ಮಾತು ಬಂತು ಅಂತ ಹೇಳ್ತೀನಿ’ ಅಂತೀವಲ್ಲ, ಅಥವಾ ‘ಅಂದ ಹಾಗೆ’ ಅಂತೀವಲ್ಲ, ಹೆಚ್ಚೂ ಕಮ್ಮಿ ಅದೇ. ಇಲ್ಲಿ ‘ಟು’ ಅಲ್ಲ, ‘ಆಫ್’.

ಮೆಟೀರಿಯಲ್ ಅನ್ನೋದು ಕಾನೂನಿನ ಮತ್ತೆ ಲೆಕ್ಕಪತ್ರದ ಪದ. ಅಲ್ಲಿ ಕೇಳೋದು ಸಂಬಂಧ ಇದ್ಯಾ ಅಂತಲ್ಲ, ಅದು ಗೊತ್ತಾದ್ರೆ ತೀರ್ಮಾನ ಬದಲಾಗತ್ತಾ ಅಂತ. ಬದಲಾಗತ್ತೆ ಅಂದ್ರೆ ಮೆಟೀರಿಯಲ್, ಇಲ್ಲಾಂದ್ರೆ ಇಮ್ಮೆಟೀರಿಯಲ್. ಒಂದು ಸಂಗತಿ ರೆಲೆವೆಂಟ್ ಇದ್ದೂ ಮೆಟೀರಿಯಲ್ ಆಗದೇ ಇರಬಹುದು, ಇದನ್ನ ಬೆರೆಸಬೇಡಿ. ಅಪ್ಲಿಕೇಬಲ್ ಅಂದ್ರೆ ಅನ್ವಯ ಆಗೋದು, ನಿಯಮ, ರಿಯಾಯಿತಿ, ಷರತ್ತು ಇವುಗಳ ಜೊತೆ ಬರತ್ತೆ, ಅಷ್ಟೆ.

ಪ್ರಶ್ನೆ: ಪರ್ಟಿನೆಂಟ್ ಅಂದ್ರೆ ಸಂಬಂಧ ಇರೋದು. ಹಾಗಿದ್ರೆ ಇಂಪರ್ಟಿನೆಂಟ್ ಅಂದ್ರೆ ಸಂಬಂಧ ಇಲ್ದೇ ಇರೋದು ಆಗ್ಬೇಕಿತ್ತು. ಸೊಕ್ಕು, ಉದ್ಧಟತನ ಅನ್ನೋ ಅರ್ಥ ಎಲ್ಲಿಂದ ಬಂತು?

ಉತ್ತರ: ಈ ಪ್ರಶ್ನೆ ಕೇಳಿದೋರಿಗೆ ವಿಶೇಷ ಧನ್ಯವಾದ, ಯಾಕಂದ್ರೆ ಇದರ ಉತ್ತರ ನಮ್ಮ ಕನ್ನಡದೊಳಗೇ ಕೂತಿದೆ.

ನೀವು ಹೇಳಿದ್ದು ಸರಿ, ಇಂಪರ್ಟಿನೆಂಟ್‌ಗೆ ಮೊದಲಿದ್ದ ಅರ್ಥ ಅದೇನೇ, ವಿಷಯಕ್ಕೆ ಸೇರದ್ದು. ಆಮೇಲೆ ‘ತನಗೆ ಸಂಬಂಧ ಇಲ್ಲದ ವಿಷಯಕ್ಕೆ ತಲೆ ಹಾಕೋದು’ ಅಂತ ಆಯ್ತು. ಸಂಬಂಧ ಇಲ್ಲದ ಕಡೆ ತಲೆ ಹಾಕೋನು ದೊಡ್ಡೋರ ಮಧ್ಯೆ ಬಾಯಿ ಹಾಕ್ತಾನೆ, ಬಾಯಿ ಹಾಕಿದೋನನ್ನ ಸುಮ್ನಿರು ಅಂದ್ರೆ ಎದುರು ಮಾತಾಡ್ತಾನೆ, ಹೀಗೆ 17ನೇ ಶತಮಾನ ಮುಗಿಯೋ ಹೊತ್ತಿಗೆ ಉದ್ಧಟತನದ ಅರ್ಥ ಗಟ್ಟಿಯಾಗಿ ಕೂತುಬಿಡ್ತು. ಇವತ್ತು ಸಾಮಾನ್ಯ ಇಂಗ್ಲಿಷಲ್ಲಿ ಇಂಪರ್ಟಿನೆಂಟ್ ಅಂದ್ರೆ ದೊಡ್ಡೋರಿಗೆ ಮರ್ಯಾದೆ ಕೊಡದೆ ಮಾತಾಡೋದು, ಬೇರೆ ಏನೂ ಅಲ್ಲ.

ಈಗ ನಮ್ಮ ‘ಅಧಿಕಪ್ರಸಂಗ’ ತಗೊಳ್ಳಿ. ಪ್ರಸಂಗ ಅಂದ್ರೆ ಮಾತಿನ ಸಂದರ್ಭ, ನಡೀತಿರೋ ವಿಷಯ. ಅಧಿಕ ಅಂದ್ರೆ ಅದಕ್ಕಿಂತ ಹೆಚ್ಚಿನದು. ಅಂದ್ರೆ ನಡೀತಿರೋ ವಿಷಯವನ್ನ ಮೀರಿ ಆಡಿದ ಮಾತು. ಪದದೊಳಗೆ ಬೈಗುಳ ಎಲ್ಲೂ ಇಲ್ಲ, ಬರೀ ‘ವಿಷಯ ಮೀರಿದ್ದು’ ಅಂತಷ್ಟೇ ಇದೆ. ಆದ್ರೆ ‘ಅಧಿಕಪ್ರಸಂಗಿ’ ಅಂತ ಯಾರಿಗಾದ್ರೂ ಅಂದು ನೋಡಿ, ಏನರ್ಥ ಅಂತ ಅವರ ಮುಖಾನೇ ಹೇಳತ್ತೆ. ಇಂಪರ್ಟಿನೆಂಟ್ ನಡೆದ ದಾರಿಲೇ, ಅದರ ಪರಿಚಯ ಇಲ್ದೇನೇ, ನಮ್ಮ ಪದಾನೂ ನಡೆದು ಅದೇ ಜಾಗಕ್ಕೆ ಬಂದು ನಿಂತಿದೆ. ಹಾಗಾಗಿ ಇಂಪರ್ಟಿನೆಂಟ್‌ಗೆ ಕನ್ನಡದಲ್ಲಿ ‘ಉದ್ಧಟ’, ‘ಸೊಕ್ಕಿನ’ ಅಂತ ಕೊಡೋದಕ್ಕಿಂತ ‘ಅಧಿಕಪ್ರಸಂಗದ’ ಅಂತ ಕೊಟ್ರೆ ನೂರಕ್ಕೆ ನೂರು ಹೊಂದತ್ತೆ. ಉದ್ಧಟತನವನ್ನ ಒಂದು ಮಾತೂ ಆಡದೆ ನಡವಳಿಕೇಲೇ ತೋರಿಸಬಹುದು. ಅಧಿಕಪ್ರಸಂಗಕ್ಕೂ ಇಂಪರ್ಟಿನೆನ್ಸಿಗೂ ಮುಖ್ಯವಾಗಿ ಬೇಕಾಗಿರೋದು ಬಾಯಿ.

ಹಳೇ ಅರ್ಥ ಪೂರ್ತಿ ಸತ್ತಿಲ್ಲ, ಕಾನೂನಿನ ಭಾಷೇಲಿ ಇನ್ನೂ ಜೀವಂತ ಇದೆ. ಅಮೆರಿಕದ ಫೆಡರಲ್ ಕೋರ್ಟುಗಳ ಸಿವಿಲ್ ನಿಯಮಗಳು 1938ರಲ್ಲಿ ಜಾರಿಗೆ ಬಂದ್ವು, ಅದರ 12ನೇ ನಿಯಮದಲ್ಲಿ ಅರ್ಜಿಯೊಳಗಿರೋ ‘ರಿಡಂಡೆಂಟ್, ಇಮ್ಮೆಟೀರಿಯಲ್, ಇಂಪರ್ಟಿನೆಂಟ್, ಆರ್ ಸ್ಕ್ಯಾಂಡಲಸ್’ ಭಾಗವನ್ನ ಕೋರ್ಟು ಹೊಡೆದುಹಾಕಬಹುದು ಅಂತ ಇದೆ. ಇಲ್ಲಿ ಇಂಪರ್ಟಿನೆಂಟ್ ಅಂದ್ರೆ ಜಡ್ಜಿಗೆ ಎದುರು ಮಾತಾಡಿದ್ದು ಅಂತ ತಿಳ್ಕೋಬೇಡಿ, ಕೇಸಿಗೆ ಸೇರದ ಸಂಗತಿ ಅಂತ ಅಷ್ಟೇ. ಕಾನೂನು ಪತ್ರಗಳನ್ನ ಅನುವಾದ ಮಾಡೋರು ಈ ಪದ ಕಂಡಾಗ ಒಂದು ಕ್ಷಣ ನಿಂತು ನೋಡ್ಬೇಕು.

ಪ್ರಶ್ನೆ: ರೆಲೆವೆಂಟ್‌ಗೆ ಕನ್ನಡದಲ್ಲಿ ‘ಪ್ರಸ್ತುತ’ ಅಂತ ಬಳಸ್ತೀವಿ. ಆದ್ರೆ ‘ಪ್ರಸ್ತುತ ಪರಿಸ್ಥಿತಿ’ ಅಂದ್ರೆ ಈಗಿನ ಪರಿಸ್ಥಿತಿ. ಒಂದೇ ಪದಕ್ಕೆ ಎರಡು ಅರ್ಥ ಇದ್ರೆ ಗೊಂದಲ ಅಲ್ವಾ? ‘ಪ್ರಾಸಂಗಿಕ’ ಅಂತ ಬಳಸಬಹುದಾ?

ಉತ್ತರ: ‘ಪ್ರಸ್ತುತ’ದ ಮೂಲ ಅರ್ಥ ಪ್ರಸ್ತಾಪ ಆಗಿರೋದು, ಮಾತಿಗೆ ಎತ್ತಿಕೊಂಡಿರೋದು. ಪ್ರಸ್ತಾವ, ಪ್ರಸ್ತಾವನೆ ಎಲ್ಲಾ ಅದೇ ಧಾತುವಿಂದ ಬಂದಿವೆ. ಯಾವುದನ್ನ ಈಗ ಮಾತಿಗೆ ಎತ್ತಿಕೊಂಡಿದೀವೋ ಅದು ಪ್ರಸ್ತುತ. ಆ ‘ಈಗ’ ಅನ್ನೋದು ಒಂದು ಕಡೆ ಬೆಳೆದು ‘ಈಗಿನ’ ಅನ್ನೋ ಅರ್ಥ ಆಯ್ತು, ‘ಮಾತಿಗೆ ಎತ್ತಿಕೊಂಡ’ ಅನ್ನೋದು ಇನ್ನೊಂದು ಕಡೆ ಬೆಳೆದು ರೆಲೆವೆಂಟ್ ಅನ್ನೋ ಅರ್ಥ ಆಯ್ತು. ನಮ್ಮ ಅಲಂಕಾರಶಾಸ್ತ್ರದೋರು ಎರಡನೇ ಅರ್ಥವನ್ನೇ ಹಿಡಿದಿದ್ರು. ‘ಅಪ್ರಸ್ತುತಪ್ರಶಂಸೆ’ ಅಂತ ಒಂದು ಅಲಂಕಾರ ಇದೆ, ಕವಿ ಸಂಬಂಧವೇ ಇಲ್ಲದ ಯಾವುದೋ ವಸ್ತುವನ್ನ ವರ್ಣಿಸ್ತಾ ಹೋಗ್ತಾನೆ, ಓದೋರಿಗೆ ಅವನ ಮನಸ್ಸಲ್ಲಿರೋ ನಿಜವಾದ ವಿಷಯ ಹೊಳೆಯತ್ತೆ. ಅಪ್ರಸ್ತುತವನ್ನ ಹೇಳಿ ಪ್ರಸ್ತುತವನ್ನ ಸೂಚಿಸೋದು. ಇದರ ಬಗ್ಗೆ ಇನ್ನೊಂದು ಪ್ರಶ್ನೇಲಿ ಮತ್ತೆ ಬರ್ತೀನಿ.

ಗೊಂದಲ ಆಗತ್ತಾ ಅಂದ್ರೆ, ಪದ ಎಲ್ಲಿ ಕೂತಿದೆ ಅನ್ನೋದು ಬಹುಪಾಲು ಕಾಪಾಡತ್ತೆ. ನಾಮಪದದ ಮುಂಚೆ ಬಂದ್ರೆ ಸಾಮಾನ್ಯವಾಗಿ ‘ಈಗಿನ’, ಉದಾಹರಣೆಗೆ ಪ್ರಸ್ತುತ ಅಧ್ಯಕ್ಷರು, ಪ್ರಸ್ತುತ ಸಾಲು. ವಾಕ್ಯದ ಕೊನೇಲಿ ಬಂದ್ರೆ ‘ರೆಲೆವೆಂಟ್’, ಉದಾಹರಣೆಗೆ ಆ ವಿಚಾರ ಇವತ್ತಿಗೂ ಪ್ರಸ್ತುತ. ತೊಂದರೆ ಬರೋದು ‘ರೆಲೆವೆಂಟ್ ರೂಲ್ಸ್’ ಅನ್ನೋದನ್ನ ‘ಪ್ರಸ್ತುತ ನಿಯಮಗಳು’ ಅಂತ ಅನುವಾದ ಮಾಡಿದಾಗ, ಓದೋರು ಈಗ ಜಾರಿಲಿರೋ ನಿಯಮಗಳು ಅಂತಾನೇ ತಿಳ್ಕೊಳ್ತಾರೆ. ಅಲ್ಲಿ ‘ಸಂಬಂಧಪಟ್ಟ ನಿಯಮಗಳು’ ಅಂತ ಬರೀರಿ. ಆದ್ರೆ ವಿರುದ್ಧ ಪದ ‘ಅಪ್ರಸ್ತುತ’ಕ್ಕೆ ಈ ಗೋಳಿಲ್ಲ, ಅದು ಯಾವತ್ತೂ ಇರ‍್ರೆಲೆವೆಂಟ್ ಅಂತಲೇ, ‘ಈಗಿನದಲ್ಲದ’ ಅಂತ ಯಾರೂ ಓದಲ್ಲ.

ಪ್ರಾಸಂಗಿಕ ಬೇಡ ಅಂತೀನಿ. ಹಿಂದೀಲಿ ಅದು ರೆಲೆವೆಂಟ್‌ಗೆ ಚೆನ್ನಾಗಿ ನಡ್ಯತ್ತೆ, ಆದ್ರೆ ಕನ್ನಡದಲ್ಲಿ ‘ಪ್ರಾಸಂಗಿಕವಾಗಿ ಹೇಳಿದೆ’ ಅಂದ್ರೆ ಮಾತಿನ ಮಧ್ಯೆ ಸುಮ್ನೆ ಬಂದು ಹೋಗಿದ್ದು, ಮುಖ್ಯ ಅಲ್ಲದ್ದು. ಅಂದ್ರೆ ಹೆಚ್ಚೂ ಕಮ್ಮಿ ಉಲ್ಟಾ. ಹಿಂದಿಯಿಂದ ಬರೋ ಜಾಹೀರಾತು, ಪ್ರಕಟಣೆಗಳ ಅನುವಾದದಲ್ಲಿ ಎಚ್ಚರ ಇರ್ಬೇಕಾದ ಜಾಗ ಇದು. ‘ಪ್ರಸಕ್ತ’ಕ್ಕೂ ಪ್ರಸ್ತುತದ ಹಣೆಬರಹಾನೇ ಆಗಿದೆ, ಅದರ ಧಾತುವಿನ ಅರ್ಥ ‘ಅಂಟಿಕೊಂಡಿರೋದು’, ಪ್ರಸಂಗ ಅನ್ನೋದೂ ಅಲ್ಲಿಂದಾನೇ ಬಂದಿದ್ದು, ಲ್ಯಾಟಿನ್ನಿನ ‘ಹಿಡಿ’ ಅನ್ನೋದಕ್ಕೆ ಎಷ್ಟು ಹತ್ತಿರ ನೋಡಿ, ಆದ್ರೆ ಇವತ್ತು ಪ್ರಸಕ್ತ ಅಂದ್ರೆ ‘ಈಗ ನಡೀತಿರೋ’ ಅಂತ ಮಾತ್ರ ಉಳಿದಿದೆ. ‘ಅದರ ಪ್ರಸಕ್ತಿಯೇ ಬರಲಿಲ್ಲ’ ಅನ್ನೋವಾಗ ಮಾತ್ರ ಹಳೇ ಅರ್ಥ ಇಣುಕತ್ತೆ.

ಇನ್ನು ‘ಅಸಂಬದ್ಧ’, ‘ಅಸಂಗತ’ ಇವನ್ನ ಇರ‍್ರೆಲೆವೆಂಟ್‌ಗೆ ಬಳಸಬೇಡಿ. ಅಸಂಬದ್ಧ ಅಂದ್ರೆ ಕನ್ನಡದಲ್ಲಿ ತಲೆಬುಡ ಇಲ್ಲದ್ದು, ಬಯ್ಗುಳದ ಕಡೆಗೇ ವಾಲತ್ತೆ. ಅಸಂಗತ ಅಂದ್ರೆ ಅಬ್ಸರ್ಡ್, ಆ ಥರದ ನಾಟಕಗಳಿಗೆ ಅಸಂಗತ ನಾಟಕ ಅಂತಲೇ ಹೆಸರು ಬಿದ್ದಿದೆ. ಒಬ್ಬರ ಮಾತು ಪೂರ್ತಿ ಸರಿಯಾಗಿದ್ದೂ ಅಪ್ರಸ್ತುತ ಆಗಿರಬಹುದು, ಅದನ್ನ ಅಸಂಬದ್ಧ ಅಂದ್ರೆ ಅವರಿಗೆ ಅನ್ಯಾಯ ಮಾಡಿದಂಗೆ.

ಪರ್ಟಿನೆಂಟ್ ಕ್ವೆಶ್ಚನ್‌ಗೆ ಏನು ಹೇಳ್ಬೇಕು ಅಂತ ಬಹಳ ಜನ ಕೇಳಿದೀರಿ. ‘ಸಂಬಂಧಪಟ್ಟ ಪ್ರಶ್ನೆ’ ಅನ್ನೋದು ಸಪ್ಪೆ, ಆ ಹತ್ತಿರ ಅದರಲ್ಲಿ ಬರಲ್ಲ. ‘ಸೂಕ್ತ ಪ್ರಶ್ನೆ’ ಪರವಾಗಿಲ್ಲ, ಆದ್ರೆ ಅದರಲ್ಲಿ ಒಪ್ಪಿಗೆಯ ದನಿ ಇದೆ, ವಿಷಯದ ಹಿಡಿತ ಇಲ್ಲ. ‘ಮಾರ್ಮಿಕ ಪ್ರಶ್ನೆ’ ಅಂದ್ರೆ ಮರ್ಮಕ್ಕೇ ತಾಗಿದ್ದು, ಇದು ಒಂದು ಕೈ ಮುಂದೆ ಹೋಗತ್ತೆ, ಚುಚ್ಚೋ ಗುಣ ಸೇರ್ಕೊಳ್ಳತ್ತೆ. ನನ್ನ ಆಯ್ಕೆ ಏನಂದ್ರೆ, ಬರವಣಿಗೇಲಿ ‘ಮೂಲಕ್ಕೇ ಕೈ ಹಾಕೋ ಪ್ರಶ್ನೆ’ ಅಂತ ಬಿಡಿಸಿ ಬರೆಯೋದು, ಮಾತಲ್ಲಾದ್ರೆ ‘ಕೇಳಬೇಕಾದ್ದನ್ನೇ ಕೇಳಿದ್ರಿ’ ಅನ್ನೋದು. ಒಂದು ಪದಕ್ಕೆ ಒಂದೇ ಪದ ಕೊಡ್ಬೇಕು ಅನ್ನೋ ಹಠ ಬಿಟ್ರೆ ಕನ್ನಡದಲ್ಲಿ ದಾರಿ ಬೇಕಾದಷ್ಟಿದೆ.

ಪ್ರಶ್ನೆ: ನಾನು ನರ್ಸಿಂಗ್ ಓದ್ತಿದೀನಿ. ಕ್ಲಾಸಲ್ಲಿ ‘ಪರ್ಟಿನೆಂಟ್ ನೆಗೆಟಿವ್’ ಅಂತಾರೆ. ಇಲ್ಲದೇ ಇರೋ ಲಕ್ಷಣ ಹೆಂಗೆ ಪರ್ಟಿನೆಂಟ್ ಆಗತ್ತೆ?

ಉತ್ತರ: ಪರ್ಟಿನೆಂಟ್ ಅನ್ನೋ ಪದ ಎಷ್ಟು ಜವಾಬ್ದಾರಿ ಹೊತ್ತಿರತ್ತೆ ಅಂತ ತೋರಿಸೋಕೆ ಇದಕ್ಕಿಂತ ಒಳ್ಳೇ ಉದಾಹರಣೆ ಸಿಗೋದು ಕಷ್ಟ. ಒಬ್ಬರು ಎದೆನೋವು ಅಂತ ಬರ್ತಾರೆ ಅನ್ಕೊಳ್ಳಿ. ಕೇಸ್ ಶೀಟಲ್ಲಿ ಅವರಿಗೆ ಏನೇನಿದೆ ಅಂತ ಬರೆಯೋದರ ಜೊತೆ, ‘ಉಸಿರಾಟದ ತೊಂದರೆ ಇಲ್ಲ, ಬೆವರಿಲ್ಲ, ನೋವು ಎಡಗೈಗೆ ಹರಿದಿಲ್ಲ, ಜ್ವರ ಇಲ್ಲ’ ಅಂತ ಇಲ್ಲದ್ದನ್ನೂ ಬರೀತಾರೆ. ಯಾಕಂದ್ರೆ ಎದೆನೋವಿಗೆ ಇರಬಹುದಾದ ಕಾರಣಗಳಲ್ಲಿ ಯಾವುದು ಜಾಸ್ತಿ ಸಾಧ್ಯ, ಯಾವುದು ಕಮ್ಮಿ ಅಂತ ಯೋಚಿಸೋಕೆ ಆ ‘ಇಲ್ಲ’ಗಳು ಕೂಡ ಸಹಾಯ ಮಾಡ್ತಾವೆ. ಅದೇ ರೋಗಿಗೆ ಕಾಲುಬೆರಳಲ್ಲಿ ಉಗುರುಸುತ್ತು ಇಲ್ಲ ಅನ್ನೋದೂ ನಿಜಾನೇ, ಆದ್ರೆ ಅದನ್ನ ಯಾರೂ ಬರೆಯಲ್ಲ, ಈ ಎದೆನೋವಿನ ತೀರ್ಮಾನಕ್ಕೆ ಅದು ಏನೂ ಮಾಡಲ್ಲ. ಇಲ್ಲದಿರೋ ಲಕ್ಷಣಗಳು ಸಾವಿರ ಇರ್ತಾವೆ, ಅದರಲ್ಲಿ ಇವತ್ತಿನ ದೂರಿಗೆ ಸೇರೋವಷ್ಟು ಮಾತ್ರ ಪರ್ಟಿನೆಂಟ್ ನೆಗೆಟಿವ್. ನಿಮ್ಮ ಮೇಷ್ಟ್ರು ಆ ಪದದ ಮೇಲೆ ಒತ್ತು ಕೊಡ್ತಿದ್ರೆ ಅದಕ್ಕೇನೇ, ‘ಕೇಳಿದೀನಿ, ಇಲ್ಲ ಅಂದ್ರು’ ಅನ್ನೋದಕ್ಕೂ ‘ಕೇಳಲೇ ಇಲ್ಲ’ ಅನ್ನೋದಕ್ಕೂ ಕಾಗದದ ಮೇಲೆ ವ್ಯತ್ಯಾಸ ಕಾಣ್ಬೇಕು. ಕನ್ನಡದಲ್ಲಿ ಹೇಳೋದಾದ್ರೆ ‘ಗಮನಿಸಬೇಕಾದ ಗೈರು ಲಕ್ಷಣ’ ಅನ್ನಬಹುದು, ಆದ್ರೆ ವಾರ್ಡಲ್ಲಿ ಇಂಗ್ಲಿಷ್ ಪದಾನೇ ಬಳಸಿ, ಅಲ್ಲಿ ಎಲ್ಲರಿಗೂ ಒಂದೇ ಸಲಕ್ಕೆ ಅರ್ಥ ಆಗೋದು ಮುಖ್ಯ.

ಪ್ರಶ್ನೆ: ಕೆಲವರು ಕೇಳಿದ್ದಕ್ಕೆ ನೇರ ಉತ್ತರಾನೇ ಕೊಡಲ್ಲ, ಸಂಬಂಧ ಇಲ್ಲದ್ದೇನೋ ಹೇಳ್ತಾರೆ, ಆದ್ರೂ ನಮಗೆ ಅರ್ಥ ಆಗತ್ತೆ. ಇದಕ್ಕೆ ಭಾಷಾಶಾಸ್ತ್ರದಲ್ಲಿ ಏನಾದ್ರೂ ಹೆಸರಿದ್ಯಾ?

ಉತ್ತರ: ಇದೆ, ಮತ್ತೆ ಅದರ ನಡುವಲ್ಲೇ ರೆಲೆವೆನ್ಸ್ ಇದೆ. ಪಾಲ್ ಗ್ರೈಸ್ ಅನ್ನೋ ಬ್ರಿಟಿಷ್ ತತ್ವಜ್ಞಾನಿ 1967ರಲ್ಲಿ ಹಾರ್ವರ್ಡಲ್ಲಿ ಕೊಟ್ಟ ಉಪನ್ಯಾಸಗಳಲ್ಲಿ, ಇಬ್ಬರು ಮಾತಾಡೋವಾಗ ಒಳಗೊಳಗೇ ಕೆಲವು ಒಪ್ಪಂದ ಇಟ್ಕೊಂಡಿರ್ತಾರೆ ಅಂತ ತೋರಿಸಿಕೊಟ್ರು. ಆ ಭಾಗ 1975ರಲ್ಲಿ ಅಚ್ಚಾಯ್ತು. ಬೇಕಾದಷ್ಟೇ ಹೇಳೋದು, ನಿಜ ಹೇಳೋದು, ಸ್ಪಷ್ಟವಾಗಿ ಹೇಳೋದು ಇವುಗಳ ಜೊತೆ ಇನ್ನೊಂದಿತ್ತು, ಅದಕ್ಕೆ ಅವರು ಕೊಟ್ಟಿದ್ದು ಎರಡೇ ಪದ, ‘ಬಿ ರೆಲೆವೆಂಟ್’.

‘ಅವನು ಇವತ್ತು ಮೀಟಿಂಗಿಗೆ ಬರ್ತಾನಾ?’ ಅಂತ ಕೇಳಿದ್ರೆ ‘ಅವನ ಮಗೂಗೆ ಜ್ವರ’ ಅನ್ನೋ ಉತ್ತರ ಬಂತು ಅನ್ಕೊಳ್ಳಿ. ಪ್ರಶ್ನೇಲಿ ಮಗೂನೇ ಇಲ್ಲ, ಉತ್ತರದಲ್ಲಿ ಮೀಟಿಂಗೇ ಇಲ್ಲ. ಆದ್ರೂ ‘ಓ, ಬರಲ್ಲ’ ಅಂತ ಕೇಳಿದ ತಕ್ಷಣ ಗೊತ್ತಾಗತ್ತೆ. ಹೆಂಗೆ? ಎದುರಿಗಿರೋರು ಸುಮ್ ಸುಮ್ನೆ ಏನೋ ಹೇಳಲ್ಲ, ಹೇಳಿದ್ದು ನಾನು ಕೇಳಿದ್ದಕ್ಕೆ ಸಂಬಂಧಪಟ್ಟೇ ಇರ್ಬೇಕು ಅನ್ನೋ ನಂಬಿಕೆ ಇಟ್ಕೊಂಡೇ ನಾವು ಕೇಳಿಸ್ಕೊಳ್ಳೋದು. ಆ ನಂಬಿಕೆಯಿಂದ ಮಧ್ಯದ ಕೊಂಡಿಯನ್ನ ನಾವೇ ಕಟ್ಕೊಳ್ತೀವಿ, ಜ್ವರ, ಆಸ್ಪತ್ರೆ, ಮನೇಲೇ ಇರ್ಬೇಕು, ಹಾಗಾಗಿ ಬರಲ್ಲ. ಗ್ರೈಸ್ ಇದಕ್ಕೆ ‘ಇಂಪ್ಲಿಕೇಚರ್’ ಅಂತ ಹೆಸರಿಟ್ರು, ‘ಧ್ವನಿತಾರ್ಥ’ ಅಂತ ಹೇಳಬಹುದು. ಆಮೇಲೆ 1986ರಲ್ಲಿ ಡಾನ್ ಸ್ಪರ್ಬರ್ ಮತ್ತೆ ಡೀಡ್ರ ವಿಲ್ಸನ್ ಇದನ್ನೇ ಹಿಡ್ಕೊಂಡು ‘ರೆಲೆವೆನ್ಸ್ ಥಿಯರಿ’ ಅಂತ ಬೆಳೆಸಿದ್ರು. ಅವರ ಪ್ರಕಾರ ಕಮ್ಮಿ ಶ್ರಮಕ್ಕೆ ಜಾಸ್ತಿ ತಿಳಿವಳಿಕೆ ಕೊಡೋ ಮಾತು ಹೆಚ್ಚು ರೆಲೆವೆಂಟ್, ಅಂದ್ರೆ ಅದು ಇದೆ-ಇಲ್ಲ ಅನ್ನೋ ಲೆಕ್ಕ ಅಲ್ಲ, ಹೆಚ್ಚು-ಕಮ್ಮಿ ಅನ್ನೋ ಲೆಕ್ಕ.

ಮೇಲೆ ಅಪ್ರಸ್ತುತಪ್ರಶಂಸೆ ಬಗ್ಗೆ ಮತ್ತೆ ಬರ್ತೀನಿ ಅಂದಿದ್ದು ಇದಕ್ಕೇ. ಕವಿ ಆ ಅಲಂಕಾರದಲ್ಲಿ ಮಾಡೋದನ್ನ, ಮಗೂಗೆ ಜ್ವರ ಅಂತ ಹೇಳಿದೋರು ಮಾತಲ್ಲಿ ಮಾಡಿದಾರೆ. ಎರಡು ಕಡೆನೂ ಕೊಂಡಿ ಕಟ್ಟೋ ಕೆಲಸ ಕೇಳೋರದ್ದು. ಅಲಂಕಾರಿಕರು ಇದನ್ನ ಕಾವ್ಯದ ಸೊಗಸು ಅಂತ ನೋಡಿದ್ರು, ಗ್ರೈಸ್ ದಿನನಿತ್ಯದ ಮಾತಿನ ನಿಯಮ ಅಂತ ನೋಡಿದ್ರು. ಎರಡನ್ನೂ ಪಕ್ಕಪಕ್ಕ ಇಟ್ಟು ಓದೋರು ಕನ್ನಡದಲ್ಲಿ ಇನ್ನೂ ಜಾಸ್ತಿ ಆಗ್ಬೇಕು, ಇದು ನನ್ನ ಮನಸ್ಸಿನ ಆಸೆ.

ಪ್ರಶ್ನೆ: ಸ್ಪರ್ಧಾತ್ಮಕ ಪರೀಕ್ಷೇಲಿ ‘ಪರ್ಟಿನೇಶಸ್’ ಸಮಾನಾರ್ಥಕಕ್ಕೆ ‘ರೆಲೆವೆಂಟ್’ ಅಂತ ಟಿಕ್ ಹಾಕಿ ಮಾರ್ಕ್ಸ್ ಹೋಯ್ತು. ಯಾಕೆ ತಪ್ಪು?

ಉತ್ತರ: ಪರ್ಟಿನೇಶಸ್ ಅಂದ್ರೆ ಹಿಡಿದ ಪಟ್ಟು ಬಿಡದ, ಹಠಮಾರಿ. ಬೇರು ಅದೇ ‘ಹಿಡಿ’, ಆದ್ರೆ ಇಲ್ಲಿ ವಿಷಯ ಹಿಡಿದಿರೋದಲ್ಲ, ಮನುಷ್ಯ ಬಿಡದೇ ಹಿಡ್ಕೊಂಡಿರೋದು. ಟೆನೇಶಸ್ ಅನ್ನೋದರ ಜೊತೆ ನೆನಪಿಟ್ಕೊಳ್ಳಿ. ಪರೀಕ್ಷೆಯೋರು ಇದನ್ನ ಬೇಕಂತಲೇ ಪಕ್ಕಪಕ್ಕ ಇಡ್ತಾರೆ. ಹಾಗೇ ‘ಅಪರ್ಟೆನೆಂಟ್’ ಬಂದ್ರೂ ಹೆದರಬೇಡಿ, ಅದು ಆಸ್ತಿ ಕಾನೂನಿನ ಪದ, ಒಂದು ಜಮೀನಿಗೆ ಅಂಟಿಕೊಂಡೇ ಬರೋ ಹಕ್ಕು, ದಾರಿ ಹಕ್ಕು ಥರದ್ದು.

ಪ್ರಶ್ನೆ: ಬಯೋಡೇಟಾದಲ್ಲಿ ‘ರೆಲೆವೆಂಟ್ ಎಕ್ಸ್‌ಪೀರಿಯನ್ಸ್’ ಬದಲು ‘ಪರ್ಟಿನೆಂಟ್ ಎಕ್ಸ್‌ಪೀರಿಯನ್ಸ್’ ಅಂತ ಹಾಕಿದ್ರೆ ಇನ್ನೂ ಚೆನ್ನಾಗಿ ಕಾಣತ್ತಾ?

ಉತ್ತರ: ಇಲ್ಲ, ರೆಲೆವೆಂಟೇ ಇರ್ಲಿ. ತಪ್ಪು ಅಂತಲ್ಲ, ಆದ್ರೆ ಆ ಜಾಗದಲ್ಲಿ ಎಲ್ಲರೂ ನಿರೀಕ್ಷೆ ಮಾಡೋ ಪದ ರೆಲೆವೆಂಟ್, ಬೇರೆ ಹಾಕಿದ್ರೆ ಓದೋರ ಗಮನ ಅನುಭವ ಬಿಟ್ಟು ಪದದ ಮೇಲೆ ಹೋಗತ್ತೆ. ಕಾಗುಣಿತ ಮಾತ್ರ ನೋಡ್ಕೊಳ್ಳಿ. ಬಹಳ ಜನ ‘ಲ’ ಮತ್ತೆ ‘ವ’ ಅದಲುಬದಲು ಮಾಡಿ ‘ರೆವೆಲೆಂಟ್’ ಅಂತ ಬರೀತಾರೆ, ಹಾಗೇ ಹೇಳ್ತಾರೆ ಕೂಡ. ಮೊದಲು ‘ಲೆ’, ಆಮೇಲೆ ‘ವೆ’.

ಪ್ರಶ್ನೆ: ರೆಲೆವೆನ್ಸ್ ಸರಿನಾ, ರೆಲೆವೆನ್ಸಿ ಸರಿನಾ? ಪರ್ಟಿನೆನ್ಸ್‌ಗೂ ಹಾಗೇನಾ?

ಉತ್ತರ: ಎರಡೂ ಸರಿ. ಸಾಮಾನ್ಯ ಬರವಣಿಗೇಲಿ ರೆಲೆವೆನ್ಸ್ ಅನ್ನಿ, ಕಾನೂನು ಪುಸ್ತಕಗಳಲ್ಲಿ ರೆಲೆವೆನ್ಸಿ ಇನ್ನೂ ಓಡಾಡತ್ತೆ. ಪರ್ಟಿನೆನ್ಸ್‌ಗೂ ಇದೇ ಲೆಕ್ಕ, ‘ಸಿ’ ಸೇರಿಸಿದ ರೂಪ ಈಗ ಅಪರೂಪ. ಒತ್ತು ಕೊಡೋದು ಪರ್ಟಿನೆಂಟ್‌ನಲ್ಲಿ 1ನೇ ಭಾಗಕ್ಕೆ, ‘ಪರ್’ ಮೇಲೆ, ‘ಟಿ’ ಮೇಲೆ ಅಲ್ಲ. ಕ್ರಿಯಾಪದ ‘ಪರ್ಟೇನ್’ ಆದಾಗ ಒತ್ತು ಹಿಂದಕ್ಕೆ, ‘ಟೇನ್’ ಮೇಲೆ ಬರತ್ತೆ.